ಹೊಸ ಕರ್ನೆಲ್ ಮತ್ತು ನಾದಿನಿ ರೋಜಾ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಯಾವ ಕಂಪನಿಯ ಎಂಜಲೂ ಇಲ್ಲ! ಪುಣ್ಯಾತ್ಮರು ಜಗತ್ತಿಗೆ ಬಿಟ್ಟಿ ಹಂಚಿದ ಸೋರ್ಸ್ ಕೋಡ್ ತಂದು ಅದರ ಆಪರೇಟಿಂಗ್ ಸಿಸ್ಟಮ್ಮನ್ನು ನಾನೇ ಕಟ್ಟಿದ್ದೇನೆ. ಯಾವ ಕಾಲೇಜೂ ಕಲಿಸಲಿಲ್ಲ. ಅಂಥ ನಾನು ಮೊನ್ನೆ ಶನಿವಾರ ಅದರ ಕರ್ನೆಲ್ ಬದಲಾಯಿಸಿಯೇ ತೀರುವೆನೆಂದು ಪಣ ತೊಟ್ಟೆ. ಕರ್ನೆಲ್ ಎಂದರೆ ಸಿಸ್ಟಮ್ಮಿನ ಗುಂಡಿಗೆ. ಪರದೆ, ಕೀಬೋರ್ಡು, ಕ್ಯಾಮೆರಾ ಎಲ್ಲವೂ ಅದು ಕುಣಿಸಿದಂತೆ ಕುಣಿಯಬೇಕು.

ಕಟ್ಟುವ ಮೊದಲು ಅದು ಒಂದೊಂದನ್ನೂ ಕೇಳುತ್ತದೆ: ಇದು ಬೇಕೆ, ಬೇಡವೆ? ನಾನು ಒಡ್ಡೋಲಗದಲ್ಲಿ ಕೂತ ದೊರೆಯಂತೆ ಬೇಡ, ಬೇಡ ಎನ್ನುತ್ತ ಹೋದೆ. ಕ್ಯಾಮೆರಾ? ಜನರ ಮೇಲೆ ಕಣ್ಣಿಡುವ ಕಂಪನಿ ಪಿಶಾಚಿಗಳ ಮೇಲೆ ವಾರವಾರವೂ ಅಂಕಣದಲ್ಲಿ ಬೆಂಕಿ ಕಾರುವವನ ಮನೆಯಲ್ಲಿ ಕ್ಯಾಮೆರಾವೆ? ಬೇಡ! ಜಾಗ ಉಳಿಯಲೆಂದು ಹಳೆಯ ಕರ್ನೆಲ್ಲನ್ನೂ ಅಳಿಸಿದೆ. ಹೊಸದು ಚಂಗನೆ ಎದ್ದು ನಿಂತಿತು. ಬೀಗಿದೆ.

ಊಟವಾದ ಮೇಲೆ ನನ್ನ ಹೆಂಡತಿ ನಯನಾ ಪರದೆಯ ಮುಂದೆ ಕೂತಳು. ಟಿ. ನರಸೀಪುರದಲ್ಲಿರುವ ಅವಳ ತಂಗಿ ರೋಜಾಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಓದು ಹತ್ತಲಿಲ್ಲ. ತವರೂರು ಕಳಲೆಯಲ್ಲಿ ಲಂಗ ತೊಡುತ್ತಿದ್ದಾಗ ಅಕ್ಕತಂಗಿ ತಾವೇ ಕಟ್ಟಿಕೊಂಡ ಕೈಭಾಷೆಯೊಂದಿದೆ; ಲೋಕದಲ್ಲಿ ಅದನ್ನು ಪೂರಾ ಬಲ್ಲವರು ಇವರಿಬ್ಬರೇ. ದಿನವೂ ಈ ಹೊತ್ತಿಗೆ ವಿಡಿಯೋದಲ್ಲಿ ಕೈಯಾಡಿಸಿಕೊಂಡು ನಗುತ್ತಾರೆ. ನನಗದು ಗೊತ್ತಿಲ್ಲದ್ದಲ್ಲ; ‘ಬೇಡ’ ಎನ್ನುವಾಗ ನೆನಪಾಗಲಿಲ್ಲ. ಸ್ಮಾರ್ಟ್‌ಫೋನು ನಮ್ಮ ಮನೆಯಲ್ಲಿ ನಿಷಿದ್ಧ. ನಿಷೇಧಿಸಿದ ಧರ್ಮಾತ್ಮನೂ ನಾನೇ!

ರೋಜಾ ಪರದೆಯ ಮೇಲೆ ಬಂದಳು. ಅವಳಿಗೆ ಮಾತ್ರ ಅಕ್ಕ ಕಾಣಲಿಲ್ಲ, ಬರೀ ಕತ್ತಲು. ಎಲ್ಲಿ, ಎಲ್ಲಿ ಎಂದು ಅವಳ ಬೆರಳುಗಳು ಕೇಳತೊಡಗಿದವು. ಇತ್ತ ನಯನಾ ಸತ್ತ ಕ್ಯಾಮೆರಾದ ಮುಂದೆ ಎರಡೂ ಕೈ ಬೀಸುತ್ತಿದ್ದಳು. ರೋಜಾ ಪರದೆಯನ್ನು ಸವರಿದಳು, ತಟ್ಟಿದಳು, ಅತ್ತಳು. ಅವಳ ಗಂಡ ಬಸವೇಶನಿಗೆ ಫೋನ್ ಮಾಡಿದೆವು. ಅವನು ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದ. ಫೋನು ಸ್ವಿಚ್ ಆಫ್.

“ಕ್ಯಾಮೆರಾ ತೆಗೆಯೋ ಮುಂಚೆ ನನ್ನ ಒಂದ್ ಮಾತು ಕೇಳಬಾರದಾಗಿತ್ತೇನ್ರೀ?”

“ಎರಡು ಗಂಟೇಲಿ ಮತ್ತೆ ಕಟ್ಟಿ ಕೊಡ್ತೀನಿ ಕಣೇ.”

“ಅದನ್ನ ಅವಳಿಗೆ ಹೇಳೋರ್ಯಾರು?”

ಅಷ್ಟರಲ್ಲಿ ರೋಜಾ ಎದ್ದು ಹೋದಳು. ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು.

ಕರ್ನೆಲ್ಲನ್ನು ಮತ್ತೆ ಕಟ್ಟತೊಡಗಿದೆ. ಲೋಕಕ್ಕೆಲ್ಲ ಸ್ವಾತಂತ್ರ್ಯದ ಪಾಠ ಹೇಳುವ ಮಹಾಶಯ ಮನೆಯೊಳಗೆ ಒಬ್ಬನೇ ಕೂತು ಬೇಕು ಬೇಡಗಳನ್ನು ತೀರ್ಮಾನಿಸಿದ್ದ. ಈಗ ಯಾವ ಕಂಪನಿಯನ್ನು ಬೈಯಲಿ?

ಅದು ಮುಗಿಯುವ ಮೊದಲೇ ಬಾಗಿಲಲ್ಲಿ ರೋಜಾ, ಕಾಲಲ್ಲಿ ಗಂಡನ ಚಪ್ಪಲಿ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನಮ್ಮೂರು ನಂಜನಗೂಡು ಎನ್ನಲು ಕಂಡಕ್ಟರಿಗೆ ಹಣೆಯ ಮೇಲೆ ವಿಭೂತಿಯಂತೆ ಮೂರು ಬೆರಳೆಳೆದು, ಕೈ ಮುಗಿದು ತೋರಿಸಿದಳಂತೆ. ಅಕ್ಕನ ಮುಖವನ್ನು ಮುಟ್ಟಿ ಮುಟ್ಟಿ ನೋಡಿದಳು. ಆಗ ಅವಳ ಗಂಟಲಿನಿಂದ ಹೊರಟ ಸದ್ದನ್ನು ಬರೆಯುವ ಅಕ್ಷರ ಈ ಅಂಕಣಕಾರನ ಬಳಿ ಇಲ್ಲ.

ಆಮೇಲೆ ನನ್ನತ್ತ ತಿರುಗಿ, ಅಂಗೈಗಳಿಂದ ಎರಡೂ ಕಿವಿ ಮುಚ್ಚಿಕೊಂಡು, ಬೆರಳಾಡಿಸಿ ಏನೋ ಕೇಳಿದಳು.

“ಏನಂತೆ?” ಎಂದೆ.

“ನಿಮಗೂ ಏನೂ ಆಗಿಲ್ಲ ತಾನೆ ಅಂತ ಕೇಳ್ತಾವ್ಳೆ.”

“ಮತ್ತೆ ಕಿವಿ ಮುಚ್ಚಿಕೊಂಡಿದ್ದು?”

ನಯನಾ ತಂಗಿಯ ಕಣ್ಣು ಒರೆಸುತ್ತಿದ್ದಳು.

“ಅದು ನಿಮ್ಮ ಹೆಸರು. ಕಿವುಡಪ್ಪ ಅಂತ. ನಮ್ಮ ಮದುವೆ ಆದಾಗಿಂದ್ಲೂ ಅದೇ.”