ಒಂದು ಕುರ್ಚಿ, ನೂರಾ ನಲವತ್ತು ದವಡೆ

ಎಲ್ಲಕ್ಕೂ ಮೂಲ ಒಂದು ಖಾಲಿ ಕುರ್ಚಿ. ಹಲ್ಲಿನ ಆಸ್ಪತ್ರೆಗೆ ಹನ್ನೊಂದಕ್ಕೆ ಬರಬೇಕಿದ್ದ ರೋಗಿ ಬರುವುದಿಲ್ಲವೆಂದು ತಿಳಿಸಿದ್ದರು. ಇಂಥ ಹೊತ್ತಿನಲ್ಲಿ ಕಾಯುವವರ ಪಟ್ಟಿಯಿಂದ ಒಬ್ಬರನ್ನು ಫೋನ್ ಮಾಡಿ ಕರೆಯುವುದು ಇಪ್ಪತ್ತು ವರ್ಷದಿಂದ ರಿಸೆಪ್ಷನ್ ಅಕ್ಕನ ಕೆಲಸ. ಇವತ್ತಿನಿಂದ ಅದನ್ನು ವೆಬ್‌ಸೈಟೇ ಮಾಡುತ್ತದೆಂದು ಕಂಪ್ಯೂಟರಣ್ಣ ಪಣ ತೊಟ್ಟಿದ್ದ. ಎಡವಟ್ಟಾದರೆ ಅದಕ್ಕಾಗಿ ಬರೆದ ಸ್ಕ್ರಿಪ್ಟು ಕಸದ ಬುಟ್ಟಿಗೆ, ಅವನು ಮೊದಲಿನಂತೆ ಫೈಲುಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಎಂದು ಡಾಕ್ಟರಮ್ಮ ಹೇಳಿಯಾಗಿತ್ತು.

ಗುಂಡಿ ಒತ್ತಿದ. ಅರ್ಧ ಗಂಟೆಯಲ್ಲಿ ಕೆನ್ನೆಯೊಳಗೆ ನಿಂಬೆಹಣ್ಣು ಇಟ್ಟುಕೊಂಡಂಥ ಮುಖಗಳು ಬಾಗಿಲಲ್ಲಿ ಕಾಣಿಸಿದವು. ಮೊದಲು ನಾಲ್ಕು, ಆಮೇಲೆ ನಲವತ್ತು, ಆಮೇಲೆ ಎಣಿಸುವವರಿಲ್ಲ. ಎಲ್ಲರ ಮೊಬೈಲಿನಲ್ಲೂ ಒಂದೇ ಸಂದೇಶ: ಕುರ್ಚಿ ನಿಮಗಾಗಿ ಕಾದಿದೆ. ಮೇಷ್ಟ್ರೊಬ್ಬರು ಹೋಗಿ ಕೂತೇಬಿಟ್ಟಿದ್ದರು. ಟೈಲರೊಬ್ಬ ಅವರ ತೋಳು ಹಿಡಿದೆಳೆಯುತ್ತಿದ್ದ. ಬಾಯಿ ತೆರೆಯಲಾಗದವರೇ ಜಗಳಕ್ಕೆ ನಿಂತಿದ್ದರಿಂದ ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು.

ಫಾರ್‌ಈಚ್ ಅನ್ನೋ ಆಜ್ಞೆ ಪಟ್ಟಿಯ ಒಂದೊಂದು ಹೆಸರನ್ನೂ ಕಾಲ್‌ಬ್ಯಾಕ್ ಫಂಕ್ಷನ್ ಅನ್ನೋ ಆಳಿನ ಕೈಗೆ ಕೊಡುತ್ತದೆ, ಅದು ಸಂದೇಶ ಕಳಿಸುತ್ತದೆ, ಕಳಿಸಿದ ಕೂಡಲೇ ಸಾಕು ಎನ್ನಲು ರಿಟರ್ನ್ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂದು ಕಂಪ್ಯೂಟರಣ್ಣ ವಾದಿಸಿದ.

"ಅದು ಆ ಒಬ್ಬರ ಮಟ್ಟಿಗೆ ಸಾಕು ಅಂದ್ಕೊಂಡಿದೆ ಕಣೋ," ಎಂದಳು ಅಕ್ಕ. "ಮುಂದಿನವರ ಹತ್ರ ಹೋಗಬೇಡ ಅಂತ ಯಾರು ಹೇಳಿದ್ರು ಅದಕ್ಕೆ? ನಾನಾದ್ರೆ ಒಬ್ಬರು ಒಪ್ಪಿದ ತಕ್ಷಣ ಫೋನ್ ಕೆಳಗಿಡ್ತಿದ್ದೆ."

ಮಾತು ಸರಿ ಎಂದು ಅವನಿಗೆ ಹೊಳೆಯಿತು. ಪಾರಾಯಣ ಮುಗಿಸದೆ ಏಳದ ಭಕ್ತನಂತೆ ಆ ಫಾರ್‌ಈಚ್ ನೂರಾ ನಲವತ್ತೂ ಹೆಸರು ಹೇಳಿಯೇ ಎದ್ದಿತ್ತು. ಸದ್ದಿಲ್ಲದೆ ಅದನ್ನು ಅಳಿಸಿ, ಮೊದಲು ಸಿಕ್ಕ ಹೆಸರಿಗೇ ನಿಲ್ಲುವ ಫೈಂಡ್ ಎಂಬ ಆಜ್ಞೆ ಬರೆದ. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದು, ಇನ್ನು ಸಾಕಪ್ಪ, ಅಕ್ಕನಿಗೇ ಫೋನ್ ಕೊಡು ಎಂದರು.

ಅವನು ಎದೆ ಸೆಟೆಸಿ ನಿಂತ. "ಕೊಡಲ್ಲ. ನನ್ನ ಪಟ್ಟೀಲಿ ಒಂದಕ್ಷರ ಸುಳ್ಳಿಲ್ಲ. ಈಗ ಯಾರಿಗೆ ಸಂದೇಶ ಬರತ್ತೋ ಅವರೇ ಆ ಕುರ್ಚೀಲಿ ಕೂರೋದು. ಬೇರೆಯವರು ಕೂತ್ರೆ ನಾನೇ ಕೆಲಸ ಬಿಟ್ಟು ಹೋಗ್ತೀನಿ."

ಗುಂಡಿ ಒತ್ತಿದ. ನೆರೆದವರ ಮೊಬೈಲುಗಳೆಲ್ಲ ತೆಪ್ಪಗಿದ್ದವು. ಅವನ ಜೇಬು ಗುಂಯ್ ಎಂದಿತು.

ತಿಂಗಳ ಹಿಂದೆ, ಪಟ್ಟಿ ಕೆಲಸ ಮಾಡುತ್ತದೋ ನೋಡಲೆಂದು ಮೊದಲ ಸಾಲಿಗೆ ತನ್ನ ಹೆಸರನ್ನೇ ಹಾಕಿದ್ದ, ತೆಗೆಯಲು ಮರೆತಿದ್ದ. ಬೆಳಗಿನ ಸಂದೇಶ ಅವನಿಗೂ ಬಂದಿತ್ತು, ಗಲಾಟೆಯಲ್ಲಿ ನೋಡಿರಲಿಲ್ಲ. ಡಾಕ್ಟರಮ್ಮ ಕಂಪ್ಯೂಟರ್ ಪರದೆಯ ಮೇಲಿದ್ದ ಅವನ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು. ತೊಂದರೆ ಏನು ಎಂಬ ಕಡೆ ಅವನು ತುಂಬಿದ್ದು: ಎಲ್ಲಾ ಹಲ್ಲು.

ಮೇಷ್ಟ್ರು ಕುರ್ಚಿ ಬಿಟ್ಟೆದ್ದರು. ಟೈಲರು ಮರ್ಯಾದೆಯಿಂದ ಪಕ್ಕಕ್ಕೆ ಸರಿದ. ಪಟ್ಟಿ ಸುಳ್ಳು ಅಂತ ಒಂದು ಮಾತು ಹೇಳಿ ಪಾರಾಗು ಮಾರಾಯ ಎಂದು ಅಕ್ಕನೇ ಕಿವಿಯಲ್ಲಿ ಅಂಗಲಾಚಿದಳು. ಅವನು ತಲೆ ಎತ್ತಿಕೊಂಡೇ ನಡೆದು, ಕೂತು, ಬಾಯಿ ತೆರೆದ.

ಮೊದಲ ಹಲ್ಲಿಗೇ ಕಣ್ಣಲ್ಲಿ ನೀರು ತುಂಬಿತು. ಕೈ ಎತ್ತಿ, ಸಾಕು ಎಂದು ಸನ್ನೆ ಮಾಡಿದ.

"ಆಯ್ತಪ್ಪ, ಈ ಹಲ್ಲಿಗೆ ಸಾಕು," ಎಂದರು ಡಾಕ್ಟರಮ್ಮ. "ಮುಂದಿನದು."