ಸವೆದ ರೋಲರೂ ಯಮನೂರಪ್ಪನ ಮಗಳ ನಿಶ್ಚಯವೂ

ರಬ್ಬರ್ ಯಾವಾಗ ಸವೆಯುತ್ತದೆ, ಯಾವಾಗ ಬದಲಿಸಬೇಕು ಎಂಬ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಶ್ರೀರಾಮನಗರದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ನಾನು ಅಕ್ಕಿ ಗಿರಣಿಯ ಮ್ಯಾನೇಜರ್. ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲುಗಳಿರುತ್ತವೆ. ಒಂದು ಜೋರಾಗಿ ತಿರುಗಿ ಬೇಗ ಸವೆಯುತ್ತದೆ, ಇನ್ನೊಂದು ನಿಧಾನ. ಎರಡನ್ನೂ ಅದಲು ಬದಲು ಮಾಡಿ ಹಾಕಿದರೆ ಹೊಸದು ತರುವ ಮೊದಲು ಇನ್ನಷ್ಟು ದಿನ ಕೆಲಸ ನಡೆಯುತ್ತದೆ. ನಮ್ಮ ಕಡೆಯ ಗಿರಣಿಗಳಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿರದಿದ್ದದ್ದು ನಮ್ಮ ಆಫೀಸಿನ ಪ್ರಿಂಟರಿಗೆ ಮಾತ್ರ.

ಅದು ಮನೆಯಲ್ಲಿಡುವ ಸಣ್ಣ ಪೆಟ್ಟಿಗೆಯಲ್ಲ, ಗೋದ್ರೇಜ್ ಕಪಾಟಿನ ತಮ್ಮನಂತಿದೆ. ತೂಕದ ಚೀಟಿ, ಬಿಲ್ಲು, ಗೇಟ್ ಪಾಸು ಎಂದು ದಿನವಿಡೀ ಹಾಳೆ ಕಕ್ಕುತ್ತದೆ. ಕೆಲವು ತಿಂಗಳಿಂದ ಅದರ ಪರದೆಯ ಮೇಲೆ ಒಂದೇ ಮಾತು: ರೋಲರ್ ಬದಲಿಸಿ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ, ರೋಲರ್ ಬದಲಿಸಿ. ಸಂಜೆ ಮನೆಗೆ ಹೊರಟರೂ, ರೋಲರ್ ಬದಲಿಸಿ. ಸಂಬಳ ಕೊಡುವ ಸಾಹುಕಾರರೇ ನನಗೆ ಹೀಗೆ ಅಪ್ಪಣೆ ಮಾಡುವುದಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಕೊಪ್ಪಳದಿಂದ ಮೆಕ್ಯಾನಿಕ್ ಹೊಸ ರೋಲರುಗಳ ಪೊಟ್ಟಣ ಹಿಡಿದು ಬಂದ. "ಸರ್, ಹಾಳಿ ಎಳಿಯೋ ರಬ್ಬರ್ ನುಣ್ಣಗಾಗೈತ್ರಿ. ಕೈಕೊಡೋದರೊಳಗ ಹಾಕಿಬಿಡೂಣು" ಎಂದ.

"ಓಡೋದನ್ನ ಯಾಕ ಬಿಚ್ಚತಿ? ಇಟ್ಟು ಹೋಗು" ಎಂದು ಗದರಿ ಪೊಟ್ಟಣವನ್ನು ಕಪಾಟಿನಲ್ಲಿ ಹಾಕಿ ಬೀಗ ಜಡಿದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸಾಹುಕಾರರ ಮುಂದೆ ನಿಂತು, ಹೊಸದನ್ನು ಮುಟ್ಟದೆ ಈ ವರ್ಷ ದಾಟಿಸುತ್ತೇನೆಂದು ಘೋಷಣೆಯನ್ನೂ ಮಾಡಿದೆ.

ಪ್ರಿಂಟರ್ ಸೇಡು ತೀರಿಸಿಕೊಳ್ಳಲು ಯಮನೂರಪ್ಪನ ಮಗಳ ನಿಶ್ಚಯದ ದಿನವನ್ನೇ ಆರಿಸಿಕೊಂಡಿತು.

ಯಮನೂರಪ್ಪ ನಮ್ಮ ಅಕ್ಕಿ ಹೊರುವ ಲಾರಿಯ ಡ್ರೈವರ್, ಕುಷ್ಟಗಿಯವನು. ಅಂದಿನ ಲೋಡು ವಿಜಯಪುರಕ್ಕೆ. ದಾರಿಯಲ್ಲೇ ಮನೆ, ಸಂಜೆ ನಾಲ್ಕಕ್ಕೆ ನಿಶ್ಚಯ. ಯಲಬುರ್ಗಾದಿಂದ ಬೀಗರು ಬರುವವರಿದ್ದರು. ಹೊಸ ಬಿಳಿ ಅಂಗಿಯನ್ನು ಕ್ಯಾಬಿನ್ನಿನಲ್ಲಿ ತೂಗುಹಾಕಿಕೊಂಡೇ ಬಂದಿದ್ದ. ಮಧ್ಯಾಹ್ನದೊಳಗೆ ಮೂಟೆ ಏರಿಸಿ ಮುಗಿಯಿತು. ಇನ್ನು ಬಿಲ್ಲೊಂದು ಕೈಗೆ ಬಂದರೆ ಹೊರಡುವುದೇ.

ಬಿಲ್ಲು ಬರಲಿಲ್ಲ. ಒಳಗೆ ಚಕ್ರ ತಿರುಗುವ ಸದ್ದು ಬರುತ್ತಿತ್ತು, ಹಾಳೆ ಮಾತ್ರ ಇದ್ದಲ್ಲಿಂದ ಅಲ್ಲಾಡಲಿಲ್ಲ.

"ಸಾಹೇಬ್ರ, ಮೊಬೈಲ್‌ನಾಗ ಹಾಕಿಬಿಡ್ರಿ, ಹೋಕ್ಕೀನಿ" ಎಂದ ಯಮನೂರಪ್ಪ.

ಸಿಕ್ಕಾ ಹೊಡೆದ ಕಾಗದವಿಲ್ಲದೆ ಯಾವ ಲಾರಿಯೂ ಗೇಟು ದಾಟಕೂಡದು ಎಂದು ನಮ್ಮಲ್ಲಿ ಕಟ್ಟುನಿಟ್ಟಾದ ರೂಲಿದೆ. ಅದನ್ನು ಮಾಡಿದ ಮಹಾನುಭಾವ ನಾನೇ.

"ಹಂಗಾರ ಗಂಗಾವತಿಗೆ ಹೋಗಿ ಅಂಗಡ್ಯಾಗ ಪ್ರಿಂಟ್ ತಗಸ್ಕೊಂಡು ಬರ್ಲೇನ್ರಿ?"

"ನಮ್ಮ ಬಿಲ್ಲು ಊರಾಗಿನ ಅಂಗಡ್ಯಾಗ? ಮರ್ಯಾದಿ ಐತೋ ಇಲ್ಲೋ? ಕೂಡು ಅಲ್ಲಿ. ರಬ್ಬರ್ ತಾನೆ, ಹತ್ತು ನಿಮಿಷದ ಕೆಲಸ" ಎಂದೆ.

ಪ್ರಿಂಟರಿನ ಹೊಟ್ಟೆ ಬಿಚ್ಚಿದೆ. ಅಲ್ಲೂ ರಬ್ಬರ್ ರೋಲರುಗಳು, ಮೇಲೊಂದು, ಕೆಳಗೊಂದು. ನನಗೆ ನಗು ಬಂತು. ಇಷ್ಟೇನಾ? ಗಿರಣಿಯಿಂದ ಪಾಲಿಶ್ ಪೇಪರ್ ತರಿಸಿ ಎರಡನ್ನೂ ಚೆನ್ನಾಗಿ ತಿಕ್ಕಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದೆ. ಸರಾಗವಾಗಿ ಕೂರಲಿಲ್ಲ. ಒಂದು ಗುದ್ದು ಕೊಟ್ಟೆ, ಕೂತಿತು.

ಗುಂಡಿ ಒತ್ತಿದೆ. ಒಂದೂ ಹಾಳೆ ಎಳೆಯದಿದ್ದ ಮಷೀನು ಈಗ ಟ್ರೇನಲ್ಲಿದ್ದ ಹಾಳೆಗಳನ್ನು ಬರಗೆಟ್ಟವರಂತೆ ಒಂದೇ ತುತ್ತಿಗೆ ಎಳೆದುಕೊಂಡಿತು. ಒಳಗೆ ಪರಪರ ಸದ್ದು. ಆಮೇಲೆ ಸುಟ್ಟ ವಾಸನೆ. ಪರದೆಯ ಮೇಲೆ ಕೆಂಪು ದೀಪ, ಅದರ ಕೆಳಗೆ ಮತ್ತದೇ ಮಾತು: ರೋಲರ್ ಬದಲಿಸಿ.

"ಬದಲಿ ಮಾಡೀನಲ್ಲೋ ಹಲ್ಕಟ್ಟಾ!" ಎಂದು ಮಷೀನಿಗೆ ಒದರಿದೆ. ಲೆಕ್ಕ ಬರೆಯುವ ಹುಡುಗಿ ಎದ್ದು ಹೊರಗೆ ಹೋಗಿ ನಿಂತಳು.

ಅಷ್ಟರಲ್ಲಿ ಊಟಕ್ಕೇಕೆ ಬರಲಿಲ್ಲವೆಂದು ಹೆಂಡತಿಯ ಫೋನು. ವಿಷಯ ಹೇಳಿದೆ.

"ಹೊಸಾವು ಕಪಾಟಿನಾಗ ಅದಾವ ಅಂದಿದ್ರಲ್ಲ, ಹಾಕ್ರಿ" ಎಂದಳು.

"ಮಷೀನಿಂದು ನಿನಗೇನು ಗೊತ್ತೈತಿ?"

"ಮಷೀನಿಂದು ಗೊತ್ತಿಲ್ಲ, ನಿಮ್ಮದು ಗೊತ್ತೈತಿ. ಕುಕ್ಕರಿನ ರಬ್ಬರ್ ಹ್ವಾದಾಗ ಹೊಸಾದು ತರೂದ ಬಿಟ್ಟು ಹಳೇದಕ್ಕ ದಾರ ಸುತ್ತಿ ಕೊಟ್ರಿ. ಬ್ಯಾಳಿ ಇನ್ನೂ ಗ್ವಾಡಿ ಮ್ಯಾಲ ಐತಿ" ಎಂದು ಫೋನು ಇಟ್ಟಳು.

ಇಷ್ಟಾದ ಮೇಲೆ ಕಪಾಟು ತೆರೆದರೆ ನನ್ನ ಮಾನ ಏನಾಗಬೇಕು? ಒಳಗೆ ಸಿಕ್ಕಿಕೊಂಡ ಕಾಗದಗಳನ್ನು ಚಿಮಟದಿಂದ ಕೀಳುತ್ತ ಕೂತೆ. ಯಮನೂರಪ್ಪ ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದ. ಹೊರಡಬೇಕಾದ ಹೊತ್ತು ದಾಟಿತು. ಲಾರಿಗೆ ಹೋಗಿ ಹೊಸ ಅಂಗಿ ಹಾಕಿಕೊಂಡು ಬಂದ.

ನಾಲ್ಕಕ್ಕೆ ಅವನ ಫೋನು ಬಡಿದುಕೊಂಡಿತು. ವಿಡಿಯೊದಲ್ಲಿ ಹೆಂಡತಿ. "ಎಲ್ಲಿ ಅದೀರಿ? ಬೀಗರು ಬಂದು ಕುಂತಾರ. ಹೊತ್ತು ಮೀರತೈತಿ ಅಂತ ಹಿರ್ಯಾರು ಸಿಟ್ಟಾಗ್ಯಾರ."

"ನೀವು ಸುರು ಮಾಡ್ರಿ" ಎಂದ ಯಮನೂರಪ್ಪ. "ನಾ ಇಲ್ಲಿಂದನ ನೋಡ್ತೀನಿ."

ನನ್ನ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಷೀನಿಗೆ ಬೆನ್ನು ಕೊಟ್ಟು ನೆಟ್ಟಗೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹೆತ್ತ ಮಗಳ ನಿಶ್ಚಯ ನೋಡುತ್ತ ಕೂತ. ಆ ಕಡೆಯಿಂದ ಮಗಳು, "ಅಪ್ಪಾ, ಕಾಣಸ್ತೈತೇನು?" ಎಂದು ಕೇಳಿದಳು. ಇವನು ತಲೆಯಾಡಿಸಿದ. ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ಸುಮ್ಮನಿರುವ ಜಾತಿಯವನಲ್ಲ ನಾನು, ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಮಷೀನಿನೊಳಗೆ ಕೈ ಹಾಕಿ, ಅಡ್ಡವಾಗಿದ್ದ ಟೋನರ್ ಡಬ್ಬಿಯನ್ನು ಹಿಡಿದು ಜಗ್ಗಿದೆ. ಮುಚ್ಚಳ ಕಿತ್ತುಬಂದು, ಕರಿ ಪುಡಿಯಷ್ಟೂ ನನ್ನ ಮುಖಕ್ಕೆ ಬಿತ್ತು.

ಆ ಕಡೆ ಚಪ್ಪಾಳೆ ಕೇಳಿಸಿತು. ನಿಶ್ಚಯ ಮುಗಿದಿತ್ತು.

ಕಣ್ಣೊರೆಸಿಕೊಂಡು ಕಪಾಟು ತೆರೆದೆ. ಸಿಕ್ಕ ಕಾಗದ ಪೂರ್ತಿ ತೆಗೆದು, ಹೊಸ ರೋಲರುಗಳನ್ನು ಹಾಕಿ, ಕಪಾಟಿನಲ್ಲೇ ಇದ್ದ ಬೇರೆ ಟೋನರ್ ಕೂರಿಸಿದೆ. ರೋಲರುಗಳು ಯಾವ ಗುದ್ದೂ ಕೇಳದೆ ಟಕ್ಕೆಂದು ಕೂತವು. ಬಿಲ್ಲು ಬೆಣ್ಣೆಯಂತೆ ಹೊರಬಂತು. ನನಗೆ ಅವತ್ತು ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅದು.

ವಾರ ಬಿಟ್ಟು ಯಮನೂರಪ್ಪ ಮತ್ತೆ ಲೋಡಿಗೆ ಬಂದ. ಬೈಯಲಿ ಎಂದು ಕಾಯುತ್ತಿದ್ದೆ, ಬೈಯಲಿಲ್ಲ. ಫೋನಿನಲ್ಲಿ ನಿಶ್ಚಯದ ಫೋಟೊ ತೋರಿಸಿದ. ನಡುವೆ ಮಗಳು, ಅಳಿಯ, ಆಚೀಚೆ ಬೀಗರು. ಅಪ್ಪನಿರಬೇಕಾದ ಜಾಗದಲ್ಲಿ ಅವನ ಹೆಂಡತಿ ಮೊಬೈಲನ್ನು ಎತ್ತಿ ಹಿಡಿದಿದ್ದಾಳೆ. ಅದರ ಪರದೆಯಲ್ಲಿ ಯಮನೂರಪ್ಪ. ಅವನ ಹೆಗಲ ಹಿಂದೆ ಮುಖವೆಲ್ಲ ಕಪ್ಪಾಗಿ, ಕಣ್ಣು ಬಿಟ್ಟುಕೊಂಡು, ಬಾಯಿ ತೆರೆದು ನಿಂತವನು ನಾನು.

"ಇದನ್ನ ದೊಡ್ಡದು ಮಾಡಿಸಿ ಬೀಗರು ಪಡಸಾಲ್ಯಾಗ ಹಾಕ್ಯಾರ್ರಿ" ಎಂದ. "ಬಂದವರೆಲ್ಲ ಕೇಳ್ತಾರಂತ, ಹಿಂದ ನಿಂತಾವ ಯಾರು ಅಂತ."

"ನೀ ಏನು ಹೇಳಿದಿ?"

ಯಮನೂರಪ್ಪ ನೆಲ ನೋಡಿದ. "ನಾ ಏನು ಹೇಳ್ಲಿಲ್ರಿ ಸಾಹೇಬ್ರ. ನಮ್ಮ ಮಗಳ ಹೇಳ್ಯಾಳ. ಜೋಡಿಗೆ ದೃಷ್ಟಿ ಆಗಬಾರದಂತ ನಿಂದರ್ಸೀವಿ ಅಂತ."