ನಾಲ್ವರ ಹೆಗಲ ಮೇಲೆ ನನ್ನ ಡೊಳ್ಳು

ಶಿಕಾರಿಪುರದ ನಮ್ಮ ಮಹಿಳಾ ಡೊಳ್ಳು ತಂಡದಲ್ಲಿ ಅತ್ಯಂತ ಹಗುರದ ಸದಸ್ಯೆ ನಾನು. ಹಾಗಾಗಿ ಸೊರಬದ ಸಮುದಾಯ ಭವನವೊಂದರ ಉದ್ಘಾಟನೆಗೆ ಕರೆ ಬಂದಾಗ, ನಾಲ್ವರ ಹೆಗಲ ಮೇಲೆ ನಿಂತು ಡೊಳ್ಳು ಬಾರಿಸುವ ಗೌರವವನ್ನು ತಂಡದ ನಾಯಕಿ ರೇಣುಕಕ್ಕ ನನಗೇ ದಯಪಾಲಿಸಿದರು. ಸ್ಟೂಲ್ ಹತ್ತಿ ಫ್ಯಾನ್ ಒರೆಸಲೂ ನನಗೆ ಭಯವೆಂಬ ಸಂಗತಿಯನ್ನು ನಾನು ಸಭೆಯ ಗಮನಕ್ಕೆ ತರಲಿಲ್ಲ. ಅಭ್ಯಾಸದಲ್ಲಿ ಗೋಡೆ ಹಿಡಿದು ಹತ್ತಿದ್ದೆನಲ್ಲ! ಸೊರಬದ ಬಸ್ಸಿನಲ್ಲಿ ಗಂಡ ನನ್ನ ಭಯದ ವಿಷಯ ಎತ್ತಿದರು. ಕಲೆಗೆ ಇಳಿದ ಮೇಲೆ ಭಯವೆಲ್ಲ ಇರುವುದಿಲ್ಲ ಎಂದು ತಿಳಿಹೇಳಿದೆ.

ರೇಣುಕಕ್ಕ ಹೇಳಿಕೊಟ್ಟಿದ್ದೂ ಸುಲಭವೇ. "ಕೆಳಗಿರೋ ನಮಗೆ ಏನೂ ಕಾಣಲ್ಲ, ನಿನ್ ಡೊಳ್ಳೇ ನಮ್ ಕಣ್ಣು. ನೀನು ಜೋರು ಬಾರಿಸಿದ್ರೆ ನಾವು ಜೋರು ತಿರುಗ್ತೀವಿ. ನಿಧಾನ ಮಾಡಿ ನಿಲ್ಸಿದ್ರೆ ಇಳಿಸ್ತೀವಿ."

ಸೊರಬದ ಮೈದಾನದಲ್ಲಿ ಜನ ತುಂಬಿದ್ದರು. ಗೋಡೆ ಇರಲಿಲ್ಲ. ಹತ್ತಿದೆ. ಎದ್ದು ನಿಂತೆ. ಕೆಳಗೆ ನೋಡಿದೆ. ತಪ್ಪಾಯಿತು!

ಮೊಣಕಾಲು ನಡುಗಿತು. ನಡುಕ ಸೊಂಟ ದಾಟಿ ಕೈಗೆ ಬಂತು. ಕೈಯಲ್ಲಿ ಕೋಲಿತ್ತು, ಕೋಲಿನ ಮುಂದೆ ಡೊಳ್ಳಿತ್ತು. ಅದು ದಡದಡ ಎಂದಿತು. ಕೆಳಗಿನವರು ಆಜ್ಞೆ ಪಾಲಿಸಿ ವೇಗವಾಗಿ ತಿರುಗಿದರು. ಅವರು ತಿರುಗಿದಷ್ಟೂ ನಾನು ಹೆದರಿದೆ, ಹೆದರಿದಷ್ಟೂ ಕೈ ನಡುಗಿತು. ಸುತ್ತ ನಿಂತು ಬಾರಿಸುತ್ತಿದ್ದವರೂ ನನ್ನ ಓಟವನ್ನೇ ಹಿಡಿದರು. ಶಾಮಿಯಾನ, ಜನ, ಭವನ ಎಲ್ಲ ಕಲಸಿಹೋದವು. ಇನ್ನು ಮನೆ ಸೇರುವುದಿಲ್ಲ ಎಂದು ನಿಜವಾಗಿಯೂ ಅನ್ನಿಸಿತು.

"ಇಳಿಸ್ರೇ" ಎಂದು ಕಿರುಚಿದೆ. ಅಷ್ಟು ಡೊಳ್ಳುಗಳ ನಡುವೆ ಅದು ಹುರುಪಿನ ಕೇಕೆಯಂತೆ ಕೇಳಿಸಿರಬೇಕು. ಜನರೂ ಕೇಕೆ ಹಾಕಿದರು. ಒಂದು ಸುತ್ತಿನಲ್ಲಿ ಗಂಡ ಕಂಡರು, ಎಡಗೈ ಬೀಸಿ ಕರೆದೆ. ಮೊಬೈಲ್‌ನಲ್ಲಿ ನನ್ನನ್ನೇ ಚಿತ್ರೀಕರಿಸುತ್ತಿದ್ದ ಅವರು ಅಕ್ಕರೆಯಿಂದ ತಾವೂ ಕೈ ಬೀಸಿದರು.

ಕೊನೆಗೆ ಬೆವರಿದ ಕೈಯಿಂದ ಕೋಲು ಜಾರಿತು. ಡೊಳ್ಳು ನಿಂತಿತು. ಕೆಳಗಿನವರು ತಟ್ಟನೆ ನಿಂತರು. ನಾನು ನಿಲ್ಲಲಿಲ್ಲ. ಹೆಗಲು ಕೊಟ್ಟಿದ್ದ ರೇಣುಕಕ್ಕನ ತಲೆಯನ್ನು ತಬ್ಬಿಕೊಂಡು, ಅವರ ಬೆನ್ನ ಮೇಲಿಂದ ಡೊಳ್ಳುಸಮೇತ ಜಾರಿ ನೆಲಕ್ಕೆ ಬಂದೆ.

"ಅಷ್ಟು ಜೋರು ಯಾಕೆ ಬಾರಿಸ್ದೆ ಮಾರಾಯ್ತಿ, ನಮ್ ಜೀವಾನೇ ಹೋಗಿತ್ತು" ಎಂದು ರೇಣುಕಕ್ಕ ಏದುಸಿರು ಬಿಟ್ಟರು. ನಾನು ಎದ್ದು ಧೂಳು ಕೊಡವುವಷ್ಟರಲ್ಲಿ ಅಜ್ಜಿಯೊಬ್ಬರು ಜನರನ್ನು ಸರಿಸಿಕೊಂಡು ಬಂದು ನನಗೆ ಭಕ್ತಿಯಿಂದ ಕೈ ಮುಗಿದರು.

"ಮೈಮೇಲೆ ಬಂದಿದ್ದು ಯಾವ ದೇವ್ರು ತಾಯಿ?"

ಹೆದರಿಕೆ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಅವರ ತಲೆ ಮುಟ್ಟಿ ಆಶೀರ್ವಾದ ಮಾಡಿದೆ.